ಐಟಿಐ ನಂತರದ ಆ ಒಂದು ವರ್ಷ: ಅಪ್ರೆಂಟಿಸ್ ಆಗಿ ಸೇರಿ ಸರ್ಟಿಫಿಕೇಟ್ ಕೈಗೆ ಬರುವವರೆಗೆ

ಪ್ರತಿ ವರ್ಷ ಐಟಿಐ ರಿಸಲ್ಟ್ ಬಂದ ವಾರದಲ್ಲೇ ನಮ್ಮೂರಿನ ಹುಡುಗರಿಂದ ಫೋನ್ ಶುರುವಾಗುತ್ತದೆ. ಕೇಳುವುದು ಹೆಚ್ಚೂಕಡಿಮೆ ಒಂದೇ ಮಾತು. "ಅಣ್ಣಾ, ಅಪ್ರೆಂಟಿಸ್‌ಗೆ ಹೋಗಲಾ, ಇಲ್ಲ ನೇರ ಕೆಲಸಕ್ಕೇ ಸೇರಲಾ? ಕಾಂಟ್ರಾಕ್ಟ್‌ನಲ್ಲಿ ಹದಿನೈದು ಸಾವಿರ ಕೊಡ್ತಾರಂತೆ. ಅಪ್ರೆಂಟಿಸ್ ಅಂದ್ರೆ ಅದರ ಅರ್ಧ."

ನಾನು ಫಿಟ್ಟರ್. ತಿಪಟೂರಿನ ಕಡೆಯವನು. ಐಟಿಐ ಮುಗಿಸಿ ಒಂದು ವರ್ಷ ಅಪ್ರೆಂಟಿಸ್ ಮಾಡಿದೆ. ಈಗ ಬೆಂಗಳೂರಿನ ಪೀಣ್ಯದಲ್ಲಿ ಅಚ್ಚು, ಡೈ ತಯಾರಿಸುವ ಟೂಲ್ ರೂಮ್ ಒಂದರಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಹೊಸಬರನ್ನು ಸೇರಿಸಿಕೊಳ್ಳುವಾಗ ಸಂದರ್ಶನಕ್ಕೆ ನಾನೂ ಕೂರುತ್ತೇನೆ. ಅಲ್ಲಿ ಕೂತು ಕಂಡದ್ದನ್ನು ನೇರವಾಗಿ ಹೇಳುತ್ತೇನೆ. ಎರಡು ವರ್ಷ ಒಂದೇ ಪ್ರೆಸ್ ಮುಂದೆ ನಿಂತು ಬಂದವರಿಗಿಂತ, ಒಂದು ವರ್ಷ ಸರಿಯಾಗಿ ಅಪ್ರೆಂಟಿಸ್ ಮಾಡಿ ಬಂದವರು ನಮಗೆ ಬೇಕಾಗುತ್ತಾರೆ. ಅವರಿಗೆ ಡ್ರಾಯಿಂಗ್ ಕೊಟ್ಟರೆ ಓದುತ್ತಾರೆ. ತಪ್ಪಾದರೆ ಯಾಕೆ ತಪ್ಪಾಯಿತು ಅಂತ ಹೇಳುತ್ತಾರೆ.

ಆದರೆ "ಸರಿಯಾಗಿ" ಎಂಬ ಆ ಒಂದು ಮಾತಿನಲ್ಲೇ ಎಲ್ಲ ಇದೆ. ಎಲ್ಲಿ ಸೇರಬೇಕು, ಏನು ಕೇಳಬೇಕು, ಯಾವ ಕಾಗದ ಓದಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ನನ್ನ ವರ್ಷದಲ್ಲಿ ನಾಲ್ಕು ತಿಂಗಳು ಸುಮ್ನೆ ಹೋಯಿತು. ನಿಮ್ಮದು ಹೋಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಅಪ್ರೆಂಟಿಸ್ ಅಂದರೆ ಯಾರು

ಸರ್ಕಾರಿ ಕಾಗದಗಳಲ್ಲಿ "ಶಿಶಿಕ್ಷು" ಎಂಬ ಪದ ಕಾಣುತ್ತದೆ. ಅದೂ ಅಪ್ರೆಂಟಿಸ್ ಎಂಬುದೂ ಒಂದೇ. ಇದಕ್ಕೆ ಆಧಾರ 1961ರ ಅಪ್ರೆಂಟಿಸ್ ಕಾಯಿದೆ. ಆ ಕಾಯಿದೆಯ ಪ್ರಕಾರ ನೀವು ಕಲಿಯಲು ಬಂದವರು, ಕಾರ್ಮಿಕರಲ್ಲ. ಹಾಗಾಗಿ ನಿಮಗೆ ಸಿಗುವುದು ಸಂಬಳವಲ್ಲ, ಸ್ಟೈಪೆಂಡ್. ಪಿಎಫ್ ಹಿಡಿಯುವುದಿಲ್ಲ. ತರಬೇತಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕು ಎಂಬ ಕಡ್ಡಾಯವೂ ಇಲ್ಲ. ಇದನ್ನು ಮನೆಯಲ್ಲಿ ಅಪ್ಪ ಅಮ್ಮನಿಗೂ ಮೊದಲೇ ಹೇಳಿಬಿಡಿ. "ಮಗನಿಗೆ ಫ್ಯಾಕ್ಟರಿಯಲ್ಲಿ ಕೆಲಸ ಆಯ್ತು" ಅಂತ ಊರೆಲ್ಲ ಹೇಳಿ, ವರ್ಷ ಮುಗಿದ ಮೇಲೆ ವಾಪಸ್ ಬಂದಾಗ ನೋವಾಗುತ್ತದೆ.

ಇದೇ ಕಾಯಿದೆ ನಿಮ್ಮ ಕಡೆಗೂ ನಿಲ್ಲುತ್ತದೆ. ಅಪ್ರೆಂಟಿಸ್‌ಗೆ ಪೀಸ್ ಲೆಕ್ಕದಲ್ಲಿ ದುಡ್ಡು ಕೊಡುವಂತಿಲ್ಲ. ಉತ್ಪಾದನೆ ಜಾಸ್ತಿ ಮಾಡಿದರೆ ಇನ್ಸೆಂಟಿವ್ ಎಂಬ ಲೆಕ್ಕಕ್ಕೂ ಸೇರಿಸುವಂತಿಲ್ಲ. ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಎಂಬ ಅಧಿಕಾರಿಯ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ತರಬೇತಿ ವೇಳೆ ಗಾಯವಾದರೆ ಪರಿಹಾರ ಕೊಡುವುದು ಮಾಲೀಕರ ಹೊಣೆ. ಇವೆಲ್ಲ ಯಾಕೆ ಇವೆ ಅಂದರೆ, ಲೆಕ್ಕ ಹಾಕಿ ಪೀಸ್ ತೆಗೆಯಲು ನಿಂತವರಿಗೆ ಕಲಿಯಲು ಪುರುಸೊತ್ತು ಇರುವುದಿಲ್ಲ.

ಕಂಪನಿಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಬರೀ ಒಳ್ಳೆಯ ಮನಸ್ಸಿನಿಂದ ಅಲ್ಲ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಲೇಬೇಕು. 4ರಿಂದ 29 ಜನ ಇದ್ದರೆ ಅದು ಮಾಲೀಕರ ಇಷ್ಟ. ಅಂದರೆ ನೀವು ಯಾರ ಹಂಗಿನಲ್ಲೂ ಹೋಗುತ್ತಿಲ್ಲ. ತಲೆ ಎತ್ತಿಕೊಂಡು ಹೋಗಿ.

ಹೆಜ್ಜೆ 1: ನಿಮ್ಮ ದಾರಿ ಯಾವುದು

ಓದಿಗೆ ತಕ್ಕಂತೆ ದಾರಿ ಬೇರೆ ಬೇರೆ.

ಐಟಿಐ ಆದವರಿಗೆ ದಾರಿ ಸುಲಭ. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್, ವೆಲ್ಡರ್ ಹೀಗೆ ನಿಮ್ಮ ಟ್ರೇಡ್‌ನಲ್ಲೇ ಸಾಮಾನ್ಯವಾಗಿ ಒಂದು ವರ್ಷ ತರಬೇತಿ. ಕೇಂದ್ರ ಕೌಶಲ ಸಚಿವಾಲಯದ ಅಪ್ರೆಂಟಿಸ್‌ಶಿಪ್ ಪೋರ್ಟಲ್ ನಿಮ್ಮದು.

ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಆದವರೂ ಸೇರಬಹುದು. ಐದನೇ ತರಗತಿ ಆದವರಿಗೂ ಕಾಯಿದೆಯಲ್ಲಿ ಜಾಗ ಇದೆ. ವಯಸ್ಸು ಕನಿಷ್ಠ 14, ಅಪಾಯದ ಕೈಗಾರಿಕೆಗಳಲ್ಲಿ 18. "ಆಪ್ಷನಲ್ ಟ್ರೇಡ್" ಎಂಬ ಬಗೆಯಲ್ಲಿ ಅವಧಿ 6 ತಿಂಗಳಿನಿಂದ 36 ತಿಂಗಳವರೆಗೆ ಇರುತ್ತದೆ. ಆದರೆ ನನ್ನ ಸಲಹೆ ಕೇಳಿದರೆ, ಎಸ್‌ಎಸ್‌ಎಲ್‌ಸಿ ಆಗಿ ಮನೆಯ ಪರಿಸ್ಥಿತಿ ಒಪ್ಪುವುದಾದರೆ ಮೊದಲು ಎರಡು ವರ್ಷದ ಐಟಿಐ ಮಾಡಿ. ಬುನಾದಿ ಗಟ್ಟಿಯಾಗುತ್ತದೆ. ಸರ್ಕಾರಿ ಸಂಸ್ಥೆಗಳ ಬಾಗಿಲು ಜಾಸ್ತಿ ತೆರೆಯುತ್ತದೆ.

ಡಿಪ್ಲೊಮಾ ಮತ್ತು ಪದವಿ ಆದವರಿಗೆ ಶಿಕ್ಷಣ ಸಚಿವಾಲಯದ ನ್ಯಾಟ್ಸ್ ಎಂಬ ಬೇರೆ ಯೋಜನೆ, ಬೇರೆ ಪೋರ್ಟಲ್ ಇದೆ. ದಕ್ಷಿಣ ರಾಜ್ಯಗಳಿಗೆ ಅದರ ಕಚೇರಿ ಚೆನ್ನೈನಲ್ಲಿದೆ. ಎಷ್ಟೋ ಡಿಪ್ಲೊಮಾ ಹುಡುಗರು ಐಟಿಐ ಪೋರ್ಟಲ್‌ನಲ್ಲಿ ನೋಂದಣಿ ಮಾಡಿ ತಿಂಗಳುಗಟ್ಟಲೆ ಕಾಯುತ್ತಾರೆ. ಹಾಗೆ ಮಾಡಬೇಡಿ.

ಇನ್ನೊಂದು ದಾರಿ ಇದೆ. ಐಟಿಐ ಮತ್ತು ಅಪ್ರೆಂಟಿಸ್ ಎರಡನ್ನೂ ಒಂದರಲ್ಲೇ ಬೆರೆಸಿದಂಥ ಓದು. ಕರ್ನಾಟಕದ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದದ್ದು. ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡಿದರೆ ಮೂರು ವರ್ಷ ಸಂಸ್ಥೆಯಲ್ಲಿ, ಒಂದು ವರ್ಷ ಕಾರ್ಖಾನೆಯಲ್ಲಿ. ನಮ್ಮ ಟೂಲ್ ರೂಮ್‌ಗೆ ಅಲ್ಲಿಂದ ಬಂದವರ ಕೈ ಬೇರೆಯೇ ಇರುತ್ತದೆ, ಒಪ್ಪಿಕೊಳ್ಳಬೇಕು. ಬಿಡದಿಯಲ್ಲಿ ಟೊಯೊಟಾದವರು 2007ರಲ್ಲಿ ಶುರು ಮಾಡಿದ ತರಬೇತಿ ಸಂಸ್ಥೆ ಇದೆ. ಎಸ್‌ಎಸ್‌ಎಲ್‌ಸಿ ಆದ ಹಳ್ಳಿ ಮಕ್ಕಳಿಗೆ ಅಲ್ಲೇ ವಾಸವಿದ್ದು ಮೂರು ವರ್ಷ ಕಲಿಯುವ ವ್ಯವಸ್ಥೆ. ಈಗ ಹೆಣ್ಣುಮಕ್ಕಳಿಗೂ ಅವಕಾಶವಿದೆ. ತಂಗಿಯೋ ತಮ್ಮನೋ ಎಸ್‌ಎಸ್‌ಎಲ್‌ಸಿಯಲ್ಲಿದ್ದರೆ ಈಗಲೇ ತಲೆಗೆ ಹಾಕಿ.

ಹೆಜ್ಜೆ 2: ಕಾಗದಗಳಲ್ಲಿ ಹೆಸರು ಒಂದೇ ಇರಲಿ

ಇದು ಚಿಕ್ಕ ವಿಷಯ ಅನಿಸುತ್ತದೆ. ಆದರೆ ಹುಡುಗರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ನಮ್ಮ ಕಡೆ ಇನಿಷಿಯಲ್ ಹಾಕುವ ರೂಢಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಮಂಜುನಾಥ ಎಚ್ ಆರ್", ಆಧಾರ್‌ನಲ್ಲಿ ಬರೀ "ಮಂಜುನಾಥ್", ಬ್ಯಾಂಕ್ ಪಾಸ್‌ಬುಕ್‌ನಲ್ಲಿ "ಎಚ್ ಆರ್ ಮಂಜುನಾಥ". ಮೂರೂ ನೀವೇ. ಆದರೆ ಕಂಪ್ಯೂಟರ್‌ಗೆ ಮೂವರು.

ಆಧಾರವಾಗಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಇಟ್ಟುಕೊಳ್ಳಿ. ಅದರಲ್ಲಿರುವಂತೆಯೇ ಆಧಾರ್ ತಿದ್ದಿಸಿ. ಹುಟ್ಟಿದ ದಿನಾಂಕವನ್ನೂ ನೋಡಿಕೊಳ್ಳಿ. ಆಮೇಲೆ ಆಧಾರ್‌ಗೆ ಈಗ ಬಳಸುತ್ತಿರುವ ಮೊಬೈಲ್ ನಂಬರ್ ಜೋಡಿಸಿ, ಒಟಿಪಿ ಅದಕ್ಕೇ ಬರುತ್ತದೆ. ಹಳೆಯ ಸಿಮ್ ಕಳೆದುಹೋಗಿದ್ದರೆ ಅದನ್ನು ಮೊದಲು ಸರಿಮಾಡಿ. ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲೇ ಇರಬೇಕು, ಆಧಾರ್‌ಗೆ ಜೋಡಣೆ ಆಗಿರಬೇಕು. ಸರ್ಕಾರದ ಪಾಲಿನ ಸ್ಟೈಪೆಂಡ್ ನೇರವಾಗಿ ಆ ಖಾತೆಗೆ ಬರುತ್ತದೆ.

ಐಟಿಐ ಮುಗಿದ ಮೇಲೆ ಎನ್‌ಟಿಸಿ, ಅಂದರೆ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್, ಡೌನ್‌ಲೋಡ್ ಮಾಡಿ. ಅದರಲ್ಲಿ ಹೆಸರು ತಪ್ಪಿದ್ದರೆ ಕಾಲೇಜಿನಲ್ಲಿರುವಾಗಲೇ ತಿದ್ದಿಸಿ. ಊರಿಗೆ ಹೋದ ಮೇಲೆ ಅದರ ಹಿಂದೆ ಓಡಾಡುವುದು ಕಷ್ಟ. ಜಾತಿ ಪ್ರಮಾಣಪತ್ರ, ಫೋಟೊ, ಸಹಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ಫೋನ್‌ನಲ್ಲೂ ಇಮೇಲ್‌ನಲ್ಲೂ ಇಟ್ಟುಕೊಳ್ಳಿ.

ಹೆಜ್ಜೆ 3: ಪೋರ್ಟಲ್‌ನಲ್ಲಿ ನೋಂದಣಿ

ಅಪ್ರೆಂಟಿಸ್‌ಶಿಪ್‌ಇಂಡಿಯಾ ಡಾಟ್ ಗವ್ ಡಾಟ್ ಇನ್ ಎಂಬುದು ಐಟಿಐನವರ ಪೋರ್ಟಲ್. ಡಿಪ್ಲೊಮಾ, ಪದವಿಯವರಿಗೆ ನ್ಯಾಟ್ಸ್ ಡಾಟ್ ಎಜುಕೇಷನ್ ಡಾಟ್ ಗವ್ ಡಾಟ್ ಇನ್. ಅಭ್ಯರ್ಥಿಯಾಗಿ ನೋಂದಣಿ ಮಾಡಿ, ವಿವರ ತುಂಬಿ, ಪ್ರೊಫೈಲ್ ಪೂರ್ತಿ ಮಾಡಿ. ಆಗ ಒಂದು ನೋಂದಣಿ ಸಂಖ್ಯೆ ಸಿಗುತ್ತದೆ. ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ರೈಲ್ವೆ ಆಗಲಿ, ದೊಡ್ಡ ಕಾರ್ಖಾನೆ ಆಗಲಿ, ಸಾಮಾನ್ಯವಾಗಿ ಅದನ್ನೇ ಕೇಳುತ್ತಾರೆ.

ನೋಂದಣಿಗೆ ದುಡ್ಡಿಲ್ಲ. ಸೈಬರ್ ಸೆಂಟರ್‌ನವರು ತಮ್ಮ ಕೆಲಸಕ್ಕೆ ಐವತ್ತು ನೂರು ತೆಗೆದುಕೊಂಡರೆ ಅದು ಬೇರೆ. ಆದರೆ "ಸೀಟ್ ಕೊಡಿಸುತ್ತೇನೆ, ಇಷ್ಟು ಸಾವಿರ ಕೊಡು" ಎನ್ನುವವರು ಬಂದರೆ ಅಲ್ಲಿಂದ ಎದ್ದು ಬನ್ನಿ. ಅಪ್ರೆಂಟಿಸ್ ಸೀಟನ್ನು ಯಾರೂ ಮಾರುವಂತಿಲ್ಲ. ಸೈಬರ್‌ನಲ್ಲಿ ನೋಂದಣಿ ಮಾಡಿಸಿದರೂ ಪಾಸ್‌ವರ್ಡ್, ಮೊಬೈಲ್ ನಂಬರ್, ಇಮೇಲ್ ಮೂರೂ ನಿಮ್ಮದೇ ಇರಲಿ.

ಹೆಜ್ಜೆ 4: ಎಲ್ಲಿಗೆ ಅರ್ಜಿ ಹಾಕುವುದು

ಇಲ್ಲಿ ನಿಧಾನವಾಗಿ ಯೋಚಿಸಿ. ಒಮ್ಮೆ ಅಪ್ರೆಂಟಿಸ್ ಮುಗಿಸಿದವರು, ಈಗಾಗಲೇ ಎಲ್ಲೋ ಮಾಡುತ್ತಿರುವವರು ಅರ್ಜಿ ಹಾಕುವಂತಿಲ್ಲ ಅಂತ ರೈಲ್ವೆಯಂಥ ಕಡೆಯ ಪ್ರಕಟಣೆಗಳಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ. ಮೊದಲು ಕರೆದವರ ಬಳಿ ಓಡಿಹೋಗಿ ಅಪ್ರೆಂಟಿಸ್ ಕಾಂಟ್ರಾಕ್ಟ್‌ಗೆ ಸಹಿ ಹಾಕಿ, ಎರಡು ತಿಂಗಳ ಮೇಲೆ ರೈಲ್ವೆ ಪ್ರಕಟಣೆ ಬಂದಾಗ ಕೈಕೈ ಹಿಸುಕಿಕೊಂಡ ಹುಡುಗರನ್ನು ನೋಡಿದ್ದೇನೆ.

ಹಾಗಾಗಿ ಪಟ್ಟಿ ಮಾಡಿ. ಮೇಲೆ ರೈಲ್ವೆ ಇರಲಿ. ನೈಋತ್ಯ ರೈಲ್ವೆಯಲ್ಲಿ ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳು, ಹುಬ್ಬಳ್ಳಿ ಮತ್ತು ಮೈಸೂರಿನ ವರ್ಕ್‌ಶಾಪ್‌ಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ಲಿಖಿತ ಪರೀಕ್ಷೆ ಇಲ್ಲ. ಎಸ್‌ಎಸ್‌ಎಲ್‌ಸಿ ಅಂಕ, ಐಟಿಐ ಅಂಕ ಎರಡರ ಸರಾಸರಿ ನೋಡಿ ಮೆರಿಟ್ ಪಟ್ಟಿ ಮಾಡುತ್ತಾರೆ. ಎಸ್‌ಎಸ್‌ಎಲ್‌ಸಿಯಲ್ಲಿ ಕನಿಷ್ಠ ಶೇ 50 ಬೇಕು. ವಯಸ್ಸು 15ರಿಂದ 24, ಮೀಸಲಾತಿ ಇರುವವರಿಗೆ ಸಡಿಲಿಕೆ ಉಂಟು. ಇಲ್ಲಿ ಇನ್ನೊಂದು ದೊಡ್ಡ ಲಾಭವಿದೆ. ರೈಲ್ವೆಯ ಲೆವೆಲ್ 1, ಅಂದರೆ ಮೊದಲ ಹಂತದ, ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 20ರಷ್ಟನ್ನು ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಇಟ್ಟಿದ್ದಾರೆ. ಪರೀಕ್ಷೆ ಬರೆಯಲೇಬೇಕು, ಆದರೆ ಸ್ಪರ್ಧೆ ಕಡಿಮೆಯಾಗುತ್ತದೆ.

ಆಮೇಲೆ ಎಚ್‌ಎಎಲ್, ಬಿಇಎಲ್, ಬಿಇಎಂಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆ, ಇಸ್ರೋ ಕೇಂದ್ರಗಳು. ಬಸ್ ರಿಪೇರಿ ಕಲಿಯಬೇಕು ಎನ್ನುವವರಿಗೆ ಕೆಎಸ್‌ಆರ್‌ಟಿಸಿ ಮತ್ತು ಅದರ ಸೋದರ ನಿಗಮಗಳ ಡಿಪೊ, ವರ್ಕ್‌ಶಾಪ್‌ಗಳು. ಇಂಥ ಕಡೆ ಐಟಿಐ ಪಾಸಾಗಿ ತುಂಬ ವರ್ಷವಾಗಿರಬಾರದು ಎಂಬ ಷರತ್ತು ಇರುವುದುಂಟು. ಪ್ರಕಟಣೆಯನ್ನು ಕೊನೆಯ ಸಾಲಿನವರೆಗೆ ಓದಿ. ಫಾರ್ವರ್ಡ್ ಆಗಿ ಬಂದ ವಾಟ್ಸ್‌ಆ್ಯಪ್ ಚಿತ್ರ ನಂಬಬೇಡಿ, ಸಂಸ್ಥೆಯ ವೆಬ್‌ಸೈಟ್‌ಗೇ ಹೋಗಿ ನೋಡಿ.

ಖಾಸಗಿ ಕಂಪನಿ ಅಂದರೆ ಕೀಳು ಅಂತ ತಿಳಿಯಬೇಡಿ. ನಿಮ್ಮ ಊರಿಗೆ ಹತ್ತಿರ ಏನಿದೆ ನೋಡಿ. ಬೆಳಗಾವಿಯ ಉದ್ಯಮಬಾಗ್, ಶಿವಮೊಗ್ಗದ ಮಾಚೇನಹಳ್ಳಿಯ ಸುತ್ತ ಫೌಂಡ್ರಿ ಮತ್ತು ಮೆಷಿನಿಂಗ್ ಕೆಲಸ ಜಾಸ್ತಿ. ಧಾರವಾಡ, ಬಿಡದಿ, ನರಸಾಪುರದಲ್ಲಿ ಗಾಡಿ ಕಾರ್ಖಾನೆಗಳು. ಬಳ್ಳಾರಿ ಕಡೆಯವರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಮಂಗಳೂರಿನವರಿಗೆ ಬೈಕಂಪಾಡಿ. ಮನೆಯಿಂದ ಓಡಾಡುವಷ್ಟು ಹತ್ತಿರವಿದ್ದರೆ ಸ್ಟೈಪೆಂಡ್ ಉಳಿಯುತ್ತದೆ.

ದೊಡ್ಡ ಹೆಸರಿನ ಕಾರ್ಖಾನೆ ಆದರೆ ಒಂದೇ ಲೈನ್‌ನಲ್ಲಿ ಬೋಲ್ಟ್ ಬಿಗಿಯುವ ಕೆಲಸ, ಇಪ್ಪತ್ತು ಜನರ ಚಿಕ್ಕ ಟೂಲ್ ರೂಮ್ ಆದರೆ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್ ಎಲ್ಲ ಮುಟ್ಟುವ ಅವಕಾಶ. ಈ ಎರಡರಲ್ಲಿ ಯಾವುದು? ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಆದವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಹೆಸರು ಬಯೊಡೇಟಾದಲ್ಲಿ ಒಂದು ಸಾಲು. ಕೈಗೆ ಬಂದ ಕೆಲಸ ನಲವತ್ತು ವರ್ಷ ಅನ್ನ ಹಾಕುತ್ತದೆ.

ಹೆಜ್ಜೆ 5: ಸಂದರ್ಶನ, ಮತ್ತು ನೀವು ಕೇಳಬೇಕಾದ ಪ್ರಶ್ನೆಗಳು

ನಾವು ಕೇಳುವುದು ದೊಡ್ಡ ಪ್ರಶ್ನೆಗಳಲ್ಲ. ವರ್ನಿಯರ್ ಕೈಗೆ ಕೊಟ್ಟು ಅಳತೆ ಓದಲು ಹೇಳುತ್ತೇವೆ. ಅದರ ಲೀಸ್ಟ್ ಕೌಂಟ್, ಅಂದರೆ ಅದು ತೋರಿಸುವ ಅತಿ ಚಿಕ್ಕ ಅಳತೆ, 0.02 ಮಿ.ಮೀ., ಮೈಕ್ರೊಮೀಟರ್‌ದು 0.01 ಮಿ.ಮೀ. ಅಂತ ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಓದಲು ಕೊಟ್ಟರೆ ಅರ್ಧಕ್ಕರ್ಧ ಜನ ತಡವರಿಸುತ್ತಾರೆ. "ಎಂ8 ಟ್ಯಾಪ್ ಹಾಕಲು ಎಷ್ಟರ ಡ್ರಿಲ್?" ಅಂತ ಕೇಳುತ್ತೇವೆ. ಟ್ಯಾಪ್ ಅಂದರೆ ರಂಧ್ರದೊಳಗೆ ಥ್ರೆಡ್ ಕೊರೆಯುವ ಟೂಲ್, ಎಂ8 ಅಂದರೆ 8 ಮಿ.ಮೀ. ಥ್ರೆಡ್. 6.8 ಮಿ.ಮೀ. ಅಂತ ಉತ್ತರ ಬಂದರೆ, "ಯಾಕೆ?" ಅಂತ ಕೇಳುತ್ತೇವೆ. ಪಿಚ್ 1.25, ಎಂಟರಲ್ಲಿ ಅದನ್ನು ಕಳೆದರೆ 6.75, ಅದಕ್ಕೆ ಹತ್ತಿರದ ಡ್ರಿಲ್ 6.8 ಅಂತ ವಿವರಿಸಿದವರು ನಮ್ಮ ಮನಸ್ಸಿನಲ್ಲಿ ಉಳಿಯುತ್ತಾರೆ. ಡ್ರಾಯಿಂಗ್‌ನಲ್ಲಿ 20 ಎಚ್7 ಅಂತ ಬರೆದಿದ್ದರೆ ರಂಧ್ರ 20.000ರಿಂದ 20.021 ಮಿ.ಮೀ. ಒಳಗೆ ಇರಬೇಕು ಅಂತ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಇಂಗ್ಲಿಷ್ ಬರಲ್ಲ ಅಂತ ಹೆದರಬೇಡಿ. ಕನ್ನಡದಲ್ಲೇ ಹೇಳಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಸರ್, ಕಲೀತೀನಿ" ಅನ್ನಿ.

ಕೊನೆಗೆ "ನಿಮಗೇನಾದರೂ ಕೇಳೋದಿದೆಯಾ?" ಅಂದಾಗ ಹೆಚ್ಚಿನವರು ತಲೆ ಅಲ್ಲಾಡಿಸಿ ಎದ್ದು ಹೋಗುತ್ತಾರೆ. ನೀವು ಕೇಳಿ:

- ಪೋರ್ಟಲ್‌ನಲ್ಲಿ ಅಪ್ರೆಂಟಿಸ್ ಕಾಂಟ್ರಾಕ್ಟ್ ಮಾಡುತ್ತೀರಾ, ಇಲ್ಲ ಕಂಪನಿಯ "ಟ್ರೈನಿ" ಅಂತ ಪತ್ರ ಕೊಡುತ್ತೀರಾ?
- ಒಂದು ವರ್ಷದಲ್ಲಿ ಯಾವ ಯಾವ ಸೆಕ್ಷನ್‌ಗೆ ಹಾಕುತ್ತೀರಿ?
- ಕೊನೆಯ ಟ್ರೇಡ್ ಪರೀಕ್ಷೆಗೆ ನೀವೇ ಕಳಿಸುತ್ತೀರಾ?
- ಮುಗಿಸಿದವರನ್ನು ತೆಗೆದುಕೊಳ್ಳುವ ಬಗ್ಗೆ ನಿಮ್ಮ ನಿಯಮ ಏನಿದೆ?

ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ತರಬೇತಿ ಮುಗಿಸಿದವರ ನೇಮಕಕ್ಕೆ ಪ್ರತಿ ಮಾಲೀಕರೂ ತಮ್ಮದೊಂದು ನೀತಿ ಮಾಡಿಕೊಳ್ಳಬೇಕು ಅಂತ ಕಾಯಿದೆಯ 2014ರ ತಿದ್ದುಪಡಿ ಹೇಳುತ್ತದೆ.

ಮೊದಲ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಬರೀ "ಟ್ರೈನಿ" ಪತ್ರದ ಮೇಲೆ ಕೆಲಸ ಮಾಡಿದರೆ ಅದು ಅಪ್ರೆಂಟಿಸ್ ಕಾಯಿದೆಯ ತರಬೇತಿ ಆಗುವುದಿಲ್ಲ. ವರ್ಷ ಮುಗಿದ ಮೇಲೆ ಸರ್ಕಾರದ ಸರ್ಟಿಫಿಕೇಟ್ ಸಿಗುವುದಿಲ್ಲ. ಏಜೆನ್ಸಿ ಮೂಲಕ ಸೇರುವವರು ಇದನ್ನು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಳ್ಳಿ.

ಹೆಜ್ಜೆ 6: ಕಾಂಟ್ರಾಕ್ಟ್ ಓದಿ, ಆಮೇಲೆ ಸಹಿ

ಸೇರುವ ದಿನ ಪೋರ್ಟಲ್ ಮೂಲಕ ಕಾಂಟ್ರಾಕ್ಟ್ ತಯಾರಾಗುತ್ತದೆ. 18 ತುಂಬದವರ ಪರವಾಗಿ ಪೋಷಕರು ಸಹಿ ಹಾಕಬೇಕು. ಅದರಲ್ಲಿ ಐದು ವಿಷಯ ನೋಡಿ: ಟ್ರೇಡ್ ಹೆಸರು, ಶುರುವಾಗುವ ಮತ್ತು ಮುಗಿಯುವ ದಿನಾಂಕ, ಸ್ಟೈಪೆಂಡ್ ಮೊತ್ತ, ತರಬೇತಿಯ ಜಾಗ, ನಿಮ್ಮ ಹೆಸರಿನ ಅಕ್ಷರ. ನೀವು ಫಿಟ್ಟರ್ ಆಗಿದ್ದು ಅಲ್ಲಿ ಬೇರೇನೋ ಟ್ರೇಡ್ ಬಂದಿದ್ದರೆ ಆಗಲೇ ಹೇಳಿ. ಆಮೇಲೆ ಸರಿಮಾಡೋಣ ಎಂದರೆ ಒಪ್ಪಬೇಡಿ. ಸೇರಿದ ದಿನವೇ ಕಾಂಟ್ರಾಕ್ಟ್ ಆಗದೆ ಎರಡು ಮೂರು ತಿಂಗಳು ತಡವಾದರೆ ಆ ತಿಂಗಳುಗಳು ಲೆಕ್ಕಕ್ಕೆ ಸಿಗದೆ ಹೋಗಬಹುದು.

ಮಧ್ಯದಲ್ಲಿ ಬಿಟ್ಟು ಹೋದರೆ ಏನಾಗುತ್ತದೆ ಎಂಬ ಸಾಲನ್ನೂ ಓದಿ. ಕಾಂಟ್ರಾಕ್ಟ್ ಮುರಿದವರು ಮಾಲೀಕರಾದರೆ ನಿಮಗೆ ಪರಿಹಾರ, ನೀವಾದರೆ ತರಬೇತಿಯ ಖರ್ಚು ಕಟ್ಟಿಕೊಡುವ ಹೊಣೆ ಬರಬಹುದು.

ಸ್ಟೈಪೆಂಡ್ ಲೆಕ್ಕ ಹೀಗಿದೆ. 2019ರ ನಿಯಮದಲ್ಲಿ ತಿಂಗಳ ಕನಿಷ್ಠ ಮೊತ್ತ ಎಸ್‌ಎಸ್‌ಎಲ್‌ಸಿಯವರಿಗೆ 6,000, ಪಿಯುಸಿ ಮತ್ತು ಐಟಿಐಯವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ. ತರಬೇತಿ ಒಂದು ವರ್ಷ ದಾಟಿದರೆ ಎರಡನೇ ವರ್ಷ ಶೇ 10 ಏರಿಕೆ. ಇದು ಕನಿಷ್ಠ ಮಾತ್ರ, ಜಾಸ್ತಿ ಕೊಡುವ ಕಂಪನಿಗಳಿವೆ. 2025ರಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಇದನ್ನು ಶೇ 36 ಹೆಚ್ಚಿಸಲು ಶಿಫಾರಸು ಮಾಡಿತು. ಹಾಗಾಗಿ ಸೇರುವ ದಿನ ಪೋರ್ಟಲ್‌ನಲ್ಲಿ ಯಾವ ಮೊತ್ತ ಇದೆ ನೋಡಿಕೊಂಡೇ ಸಹಿ ಹಾಕಿ.

ನ್ಯಾಪ್ಸ್ ಎಂಬ ಕೇಂದ್ರದ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಗೆ ಸೇರಿದ ಕಂಪನಿಗಳಲ್ಲಿ ಸ್ಟೈಪೆಂಡ್‌ನ ಕಾಲು ಭಾಗ, ಹೆಚ್ಚೆಂದರೆ 1,500 ರೂಪಾಯಿ, ಕೇಂದ್ರ ಸರ್ಕಾರದಿಂದ ನಿಮ್ಮ ಖಾತೆಗೆ ನೇರವಾಗಿ ಬರುತ್ತದೆ. 7,000 ಇದ್ದರೆ ಕಂಪನಿಯಿಂದ 5,500, ಸರ್ಕಾರದಿಂದ 1,500. ಆದ್ದರಿಂದ "ಕಂಪನಿ ದುಡ್ಡು ಕಡಿಮೆ ಹಾಕಿದೆ" ಅಂತ ಜಗಳಕ್ಕೆ ಹೋಗುವ ಮೊದಲು ಖಾತೆಗೆ ಎರಡು ಕಡೆಯಿಂದ ಬಂದಿದೆಯಾ ನೋಡಿ. ಬಂದಿಲ್ಲದಿದ್ದರೆ ಆಧಾರ್ ಜೋಡಣೆ ಪರೀಕ್ಷಿಸಿ.

ಬೆಂಗಳೂರಿನಲ್ಲಿ ಈ ದುಡ್ಡಿನಲ್ಲಿ ಬದುಕುವುದು ಕಷ್ಟ, ಸುಳ್ಳು ಹೇಳುವುದಿಲ್ಲ. ನಾಲ್ಕು ಜನ ಸೇರಿ ರೂಮ್ ಮಾಡಿ. ಅಡುಗೆ ಮಾಡಿಕೊಳ್ಳಿ. ಕಂಪನಿಯಲ್ಲಿ ಕ್ಯಾಂಟೀನ್, ಬಸ್ ಇದೆಯಾ ಅಂತ ಕೇಳಿ, ಅವೆರಡೂ ಇದ್ದರೆ ಅರ್ಧ ಭಾರ ಇಳಿಯುತ್ತದೆ. ಮೊದಲ ಎರಡು ತಿಂಗಳಿಗೆ ಆಗುವಷ್ಟು ದುಡ್ಡು ಮನೆಯಿಂದ ತಂದರೆ ಸಾಲ ಮಾಡುವುದು ತಪ್ಪುತ್ತದೆ.

ಹೆಜ್ಜೆ 7: ಆ ಹನ್ನೆರಡು ತಿಂಗಳು

ಮೊದಲ ದಿನ ಶೂ ಹಾಕಿ ಹೋಗಿ. ಕಡಗ, ಉಂಗುರ, ವಾಚ್, ಜಾತ್ರೆಯಲ್ಲಿ ಕೈಗೆ ಕಟ್ಟಿಸಿಕೊಂಡ ದಾರ ಎಲ್ಲ ತೆಗೆದಿಡಿ. ದೇವರ ದಾರ ಅಂತ ಬಿಡಲು ಮನಸ್ಸಿಲ್ಲದಿದ್ದರೆ ಜೇಬಿನಲ್ಲಿ ಇಟ್ಟುಕೊಳ್ಳಿ. ಜಾಬ್ ಹಿಡಿದು ತಿರುಗುವ ಚಕ್ ಆ ದಾರ ಹಿಡಿದರೆ ಕೈಯನ್ನೇ ಎಳೆಯುತ್ತದೆ. ಲೇತ್, ಡ್ರಿಲ್ಲಿಂಗ್ ಮೆಷಿನ್ ಮುಂದೆ ಗ್ಲೌಸ್ ಹಾಕಬೇಡಿ. ಉದ್ದ ಕೂದಲಿದ್ದರೆ ಕಟ್ಟಿ ಟೋಪಿ ಒಳಗೆ ಹಾಕಿ. ಚಿಪ್ಸ್ ಅನ್ನು ಕೈಯಲ್ಲಿ ಎಳೆಯಬೇಡಿ, ಬ್ರಷ್ ಬಳಸಿ. ಹಳೆಯ ಕೆಲಸಗಾರರು ಇದನ್ನೆಲ್ಲ ಮಾಡದೆ ಇರಬಹುದು. ಅವರನ್ನು ನೋಡಿ ಬಿಡಬೇಡಿ.

ಕೆಲಸ ಕಲಿಸುವವರು ಸಿಗುವುದು ಅದೃಷ್ಟ. ನನಗೆ ಒಬ್ಬ ಹಿರಿಯ ಫಿಟ್ಟರ್ ಸಿಕ್ಕಿದ್ದರು. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ಮಾತು ಕಡಿಮೆ. ನಾನು ಮಾಡಿದ ಜಾಬ್ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, ಮೂಲೆ ಸರಿಯಾಗಿ 90 ಡಿಗ್ರಿ ಇದೆಯಾ ಅಂತ ಟ್ರೈ ಸ್ಕ್ವೇರ್ ಇಟ್ಟು ನೋಡಿ, ಏನೂ ಹೇಳದೆ ವಾಪಸ್ ಕೊಡುತ್ತಿದ್ದರು. ವಾಪಸ್ ಕೊಟ್ಟರು ಅಂದರೆ ಇನ್ನೊಮ್ಮೆ ಫೈಲಿಂಗ್. ಹೀಗೆ ಒಂದೇ ಜಾಬ್ ಹನ್ನೊಂದು ಸಲ. ಹನ್ನೆರಡನೇ ಸಲ ಅದನ್ನು ತಮ್ಮ ಟೇಬಲ್ ಮೇಲೆ ಇಟ್ಟುಕೊಂಡರು. ಅಂಥವರು ಸಿಕ್ಕರೆ ಅವರ ಪಕ್ಕ ಬಿಡಬೇಡಿ. ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಹೋಗಿ ಬೆಂಚ್ ಒರೆಸಿ, ಟೂಲ್ಸ್ ಜೋಡಿಸಿಡಿ. ಅಲ್ಲಿಂದಲೇ ಮಾತು ಶುರುವಾಗುತ್ತದೆ.

ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ದಿನಾ ಸಂಜೆ ನಾಲ್ಕು ಸಾಲು ಬರೆಯಿರಿ. ಇವತ್ತು ಯಾವ ಮೆಷಿನ್, ಯಾವ ಜಾಬ್, ಯಾವ ಅಳತೆ, ಎಲ್ಲಿ ತಪ್ಪಾಯಿತು. ಕೈಯಲ್ಲೇ ಚಿಕ್ಕ ಸ್ಕೆಚ್ ಹಾಕಿ. ಕಂಪನಿಯ ಡ್ರಾಯಿಂಗ್ ಫೋಟೊ ಮಾತ್ರ ತೆಗೆಯಬೇಡಿ, ಅದು ಎಲ್ಲ ಕಡೆ ತಪ್ಪು. ಕಾಯಿದೆ ಪ್ರಕಾರ ನಿಮ್ಮ ಪ್ರಗತಿಯ ದಾಖಲೆ ಇಡುವುದು ಕಂಪನಿಯ ಕೆಲಸ. ಆದರೂ ನಿಮ್ಮ ಪುಸ್ತಕ ನಿಮಗೇ ಬೇಕು. ಯಾಕೆ ಅಂತ ನನ್ನ ಕಥೆಯಿಂದ ಹೇಳುತ್ತೇನೆ.

ಐದನೇ ತಿಂಗಳಿಗೆ ನನ್ನನ್ನು ಮೇಸ್ತ್ರಿಯವರಿಂದ ಬೇರೆ ಮಾಡಿ ಪ್ಯಾಕಿಂಗ್‌ಗೆ ಹಾಕಿದರು. ಆರ್ಡರ್ ಅರ್ಜೆಂಟ್, ಒಂದು ವಾರ ಅಂದರು. ಬರ್, ಅಂದರೆ ಅಂಚಿನಲ್ಲಿ ಉಳಿದ ಲೋಹದ ಮುಳ್ಳು, ತೆಗೆಯುವುದು, ಎಣ್ಣೆ ಹಚ್ಚುವುದು, ಡಬ್ಬಕ್ಕೆ ತುಂಬುವುದು. ಒಂದು ವಾರ ಹೋಗಿ ನಾಲ್ಕು ತಿಂಗಳಾಯಿತು. ನಾನು ಬಾಯಿ ಬಿಡಲಿಲ್ಲ. ಕೇಳಿದರೆ ಕಳಿಸಿಬಿಡುತ್ತಾರೆ ಎಂಬ ಹೆದರಿಕೆ. ಮೇಸ್ತ್ರಿಯವರೇ ಕ್ಯಾಂಟೀನ್‌ನಲ್ಲಿ ಹಿಡಿದು ಕೇಳಿದರು. "ಏನಪ್ಪಾ, ಪ್ಯಾಕಿಂಗ್ ಕಲಿಯೋಕೆ ಐಟಿಐ ಮಾಡಿದ್ಯಾ? ಹೋಗಿ ಕೇಳು." ಮಾರನೇ ದಿನ ಟ್ರೈನಿಂಗ್ ನೋಡಿಕೊಳ್ಳುವವರ ಬಳಿ ಹೋದೆ. ನಾನು ಯಾವ ದಿನದಿಂದ ಅಲ್ಲಿದ್ದೇನೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ನನ್ನ ಬಳಿ ಬರೆದಿಟ್ಟ ಒಂದು ಸಾಲೂ ಇರಲಿಲ್ಲ.

ಕಲಿಸದಿದ್ದರೆ ಏನು ಮಾಡಬೇಕು

ಒಂದೆರಡು ವಾರ ಬೇರೆ ಕೆಲಸ ಹೇಳಿದರೆ ಮಾಡಿ, ತಪ್ಪಿಲ್ಲ. ಕಸ ಗುಡಿಸುವುದೂ ಶಾಪ್ ಫ್ಲೋರ್‌ನ ಕೆಲಸವೇ. ಒಂದು ತಿಂಗಳು ದಾಟಿತು ಅಂದರೆ ಮೊದಲು ಸೆಕ್ಷನ್ ಸೂಪರ್‌ವೈಸರ್ ಬಳಿ ಹೋಗಿ. "ಸರ್, ನನ್ನ ಟ್ರೇಡ್ ಫಿಟ್ಟರ್. ಇಷ್ಟು ದಿನದಿಂದ ಇಲ್ಲಿದ್ದೇನೆ. ಪರೀಕ್ಷೆಗೆ ಅಸೆಂಬ್ಲಿ, ಡ್ರಿಲ್ಲಿಂಗ್ ಬೇಕು. ಯಾವಾಗ ಬದಲಾಯಿಸುತ್ತೀರಿ?" ಅಂತ ನೋಟ್‌ಬುಕ್ ತೋರಿಸಿ ಕೇಳಿ. ಮರ್ಯಾದೆಯಿಂದ ಕೇಳಿದ ಇಂಥ ಮಾತಿಗೆ ಹೆಚ್ಚಿನ ಕಡೆ ದಾರಿ ಸಿಗುತ್ತದೆ.

ಸಿಗದಿದ್ದರೆ ಎಚ್‌ಆರ್‌ಗೆ ಇಮೇಲ್ ಹಾಕಿ. ಬಾಯಿಮಾತು ಸಾಲದು. ಅದಕ್ಕೂ ಉತ್ತರ ಬರದಿದ್ದರೆ ನೀವು ಓದಿದ ಐಟಿಐಗೆ ಹೋಗಿ ಪ್ರಾಂಶುಪಾಲರ ಬಳಿ, ನಿಮಗೆ ಕಲಿಸಿದ ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ಬಳಿ ಹೇಳಿ. ಕಂಪನಿಗಳ ಜೊತೆ ಅವರಿಗೆ ಒಡನಾಟ ಇರುತ್ತದೆ. ಕಾಂಟ್ರಾಕ್ಟ್ ಬಗ್ಗೆ ತಕರಾರು ಬಂದರೆ ತೀರ್ಮಾನ ಮಾಡುವ ಅಧಿಕಾರ ಅಪ್ರೆಂಟಿಸ್‌ಶಿಪ್ ಅಡ್ವೈಸರ್‌ಗೆ ಇದೆ. ಅವರ ತೀರ್ಮಾನ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅಲ್ಲಿವರೆಗೆ ಹೋಗುವ ಸಂದರ್ಭ ಕಡಿಮೆ. ಆದರೆ ಬಾಗಿಲು ಇದೆ ಅಂತ ಗೊತ್ತಿದ್ದರೆ ಮಾತಿಗೆ ಧೈರ್ಯ ಬರುತ್ತದೆ.

ಸ್ಟೈಪೆಂಡ್ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಬರಬೇಕು. ಎರಡು ತಿಂಗಳು ಬಾಕಿ ಬೀಳುವವರೆಗೆ ಸುಮ್ಮನಿರಬೇಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಸೇರುವ ಮೊದಲೇ ಶಿಫ್ಟ್ ಯಾವುದು, ರಾತ್ರಿ ಬಸ್ ಮನೆ ಬಾಗಿಲವರೆಗೆ ಬರುತ್ತದಾ, ಡ್ರೆಸ್ ಬದಲಾಯಿಸಲು ಕೋಣೆ ಇದೆಯಾ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ. 10 ಅಥವಾ ಜಾಸ್ತಿ ಜನ ಇರುವ ಕಡೆ ಆ ಸಮಿತಿ ಕಡ್ಡಾಯ. ಅದು ಅಪ್ರೆಂಟಿಸ್‌ಗಳಿಗೂ ಅನ್ವಯಿಸುತ್ತದೆ.

ಹೆಜ್ಜೆ 8: ಟ್ರೇಡ್ ಪರೀಕ್ಷೆ

ಐಟಿಐ ಟ್ರೇಡ್‌ಗಳಲ್ಲಿ ತರಬೇತಿ ಮುಗಿಸಿದವರಿಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ ಇರುತ್ತದೆ. ಪಾಸಾದರೆ ಸಿಗುವುದು ಎನ್‌ಎಸಿ, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್. ಎಷ್ಟೋ ಹುಡುಗರು ವರ್ಷ ಮುಗಿದ ತಕ್ಷಣ ಬೇರೆ ಕೆಲಸ ಸಿಕ್ಕಿತು ಅಂತ ಪರೀಕ್ಷೆ ಬರೆಯದೆ ಹೋಗುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಹನ್ನೆರಡು ತಿಂಗಳು ಅರ್ಧ ದುಡ್ಡಿಗೆ ದುಡಿದದ್ದು ಈ ಕಾಗದಕ್ಕೂ ಹೌದು, ಅಲ್ವಾ?

ಹತ್ತನೇ ತಿಂಗಳಲ್ಲೇ ಎಚ್‌ಆರ್ ಬಳಿ ಹೋಗಿ ಪರೀಕ್ಷೆಗೆ ನಿಮ್ಮ ಹೆಸರು ಪೋರ್ಟಲ್‌ನಲ್ಲಿ ಹೋಗಿದೆಯಾ ಕೇಳಿ. ಹಾಜರಾತಿ ಕಡಿಮೆ ಇದ್ದರೆ ಆಗಲೇ ಗೊತ್ತಾಗಲಿ. ಓದಲು ಐಟಿಐ ಥಿಯರಿ ಪುಸ್ತಕ, ಎಂಪ್ಲಾಯಬಿಲಿಟಿ ಸ್ಕಿಲ್ಸ್ ತೆಗೆದುಕೊಳ್ಳಿ. ಪ್ರಾಕ್ಟಿಕಲ್‌ಗೆ ಶಿಫ್ಟ್ ಮುಗಿದ ಮೇಲೆ ಅರ್ಧ ಗಂಟೆ ಸ್ಕ್ರ್ಯಾಪ್ ತುಂಡಿನ ಮೇಲೆ ಮಾರ್ಕಿಂಗ್, ಫೈಲಿಂಗ್, ಫಿಟ್ಟಿಂಗ್ ಮಾಡಲು ಅನುಮತಿ ಕೇಳಿ. ಗಡಿಯಾರ ಇಟ್ಟುಕೊಂಡು ಮಾಡಿ. ಜಾಬ್ ಚೆನ್ನಾಗಿ ಮಾಡುವವರೂ ಸಮಯ ಸಾಲದೆ ಅಂಕ ಕಳೆದುಕೊಳ್ಳುತ್ತಾರೆ.

ನಾನು ಮೊದಲ ಸಲ ಪ್ರಾಕ್ಟಿಕಲ್‌ನಲ್ಲಿ ಫೇಲಾದೆ. ಕೊನೆಯ ತಿಂಗಳುಗಳಲ್ಲಿ ಮೇಸ್ತ್ರಿಯವರು ಮತ್ತೆ ಕಲಿಸಿದರೂ, ಪ್ಯಾಕಿಂಗ್‌ನಲ್ಲಿ ಹೋದ ನಾಲ್ಕು ತಿಂಗಳು ವಾಪಸ್ ಬರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಪಾಸಾದೆ. ಫೇಲಾದರೆ ಅಲ್ಲಿಗೆ ಮುಗಿಯಿತು ಅಂತಲ್ಲ, ಮತ್ತೆ ಬರೆಯಬಹುದು.

ಸರ್ಟಿಫಿಕೇಟ್ ಬಂದ ಮೇಲೆ

ಮೊದಲು ನಿಮ್ಮ ಕಂಪನಿಯಲ್ಲೇ ಕೇಳಿ. ಅವರಿಗೆ ನಿಮ್ಮ ಕೈ ಗೊತ್ತು. ಇಲ್ಲವೆಂದರೆ ಬಯೊಡೇಟಾದಲ್ಲಿ "ಒಂದು ವರ್ಷ ಅಪ್ರೆಂಟಿಸ್" ಅಂತ ಬರೀ ಒಂದು ಸಾಲು ಬರೆಯಬೇಡಿ. ನೋಟ್‌ಬುಕ್ ತೆಗೆದು ಯಾವ ಮೆಷಿನ್, ಎಷ್ಟು ಟಾಲರೆನ್ಸ್, ಯಾವ ಮಾಪನ ಉಪಕರಣ ಅಂತ ಬರೆಯಿರಿ. ಸಂದರ್ಶನಕ್ಕೆ ಆ ನೋಟ್‌ಬುಕ್ ತಂದ ಹುಡುಗಿಯೊಬ್ಬಳನ್ನು ನಾವು ಹತ್ತು ನಿಮಿಷದಲ್ಲಿ ಆಯ್ಕೆ ಮಾಡಿದೆವು.

ಸರ್ಕಾರಿ ಕಡೆ ನೋಡುವವರು ಇಸ್ರೋದ ಟೆಕ್ನಿಷಿಯನ್ ಹುದ್ದೆಗಳ ಪ್ರಕಟಣೆ ನೋಡುತ್ತಿರಿ, ಅಲ್ಲಿ ಎಸ್‌ಎಸ್‌ಎಲ್‌ಸಿ ಜೊತೆ ಐಟಿಐ, ಎನ್‌ಟಿಸಿ ಅಥವಾ ಎನ್‌ಎಸಿ ಕೇಳುತ್ತಾರೆ. ಓದು ಮುಂದುವರಿಸುವ ಆಸೆ ಇದ್ದರೆ ಎರಡು ವರ್ಷದ ಐಟಿಐ ಆದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷ. ಕಲಿಸುವ ಮನಸ್ಸಿದ್ದರೆ ಸಿಐಟಿಎಸ್ ಎಂಬ ಒಂದು ವರ್ಷದ ಬೋಧಕರ ತರಬೇತಿ ಇದೆ. ಬೆಂಗಳೂರಿನಲ್ಲಿ ಅದು ತುಮಕೂರು ರಸ್ತೆಯ ಎನ್‌ಎಸ್‌ಟಿಐನಲ್ಲಿ ನಡೆಯುತ್ತದೆ.

ಈ ವರ್ಷ ಪರೀಕ್ಷೆ ಬರೆದವರು ಇಷ್ಟು ಮಾಡಿ. ಐಟಿಐನ ಎನ್‌ಟಿಸಿ, ಅಪ್ರೆಂಟಿಸ್ ಕಾಂಟ್ರಾಕ್ಟ್, ಕಂಪನಿಯ ಅನುಭವ ಪತ್ರ ಮೂರನ್ನೂ ಒಂದೇ ಫೈಲ್‌ನಲ್ಲಿ ಹಾಕಿ. ರಿಸಲ್ಟ್ ಬಂದ ದಿನ ಎನ್‌ಎಸಿ ಡೌನ್‌ಲೋಡ್ ಮಾಡಿ ಹೆಸರಿನ ಅಕ್ಷರ ನೋಡಿ. ಆಮೇಲೆ ನಿಮಗೆ ಕೆಲಸ ಕಲಿಸಿದವರಿಗೆ ಫೋನ್ ಮಾಡಿ. ನಾನು ಫೋನ್ ಮಾಡಿದಾಗ ಮೇಸ್ತ್ರಿಯವರು ಕೇಳಿದ್ದು ಒಂದೇ: "ಸ್ಕ್ವೇರ್ ಬಂತಾ?"